ಬೆಂಗಳೂರಿನ ಕಲುಷಿತ ಕೆರೆ ಅಂಗಳಗಳ ಪುನಶ್ಚೇತನ

ಕಲುಷಿತ ಕೆರೆ ಅಂಗಳಗಳ ಪುನಶ್ಚೇತನ ಎಂದರೆ ಕೊಳಚೆ ನೀರು, ಕಟ್ಟಡದ ಅವಶೇಷ, ಕಸ ಮತ್ತು ಕೈಗಾರಿಕಾ ತ್ಯಾಜ್ಯಗಳಿಂದ ಕೆಟ್ಟಿರುವ ಕೆರೆಯ ತಳ ಹಾಗೂ ದಂಡೆಯನ್ನು ಶುದ್ಧಗೊಳಿಸಿ ಸಾರ್ವಜನಿಕ ಬಳಕೆಗೆ ಮರಳಿ ಒದಗಿಸುವ ಕಾರ್ಯ. ದಕ್ಷಿಣ ಬೆಂಗಳೂರಿನ ಅರೆಕೆರೆ, ಪುಟ್ಟೇನಹಳ್ಳಿ, ಸಾರಕ್ಕಿ, ಹುಳಿಮಾವು, ಮಡಿವಾಳ ಮುಂತಾದ ಬಡಾವಣೆಗಳು ಕೆರೆಗಳ ಸುತ್ತ ಬೆಳೆದಿರುವುದರಿಂದ, ಈ ಭಾಗದಲ್ಲಿ ನಗರಭೂಮಿಯ ಶುದ್ಧೀಕರಣವು ಬಹುಮಟ್ಟಿಗೆ ಕೆರೆಗಳ ಶುದ್ಧೀಕರಣವೇ ಆಗಿದೆ.

ಹಿನ್ನೆಲೆ

ಬೆಂಗಳೂರಿನಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಮಳೆನೀರನ್ನು ಹಿಡಿದಿಡಲು ಕಟ್ಟಿದ ಕೆರೆಗಳು ರಾಜಕಾಲುವೆಗಳ ಮೂಲಕ ಒಂದಕ್ಕೊಂದು ಸರಪಳಿಯಂತೆ ಜೋಡಣೆಗೊಂಡಿದ್ದವು. ನಗರ ಬೆಳೆದಂತೆ ಹಲವು ಕೆರೆಗಳು ಕಣ್ಮರೆಯಾದವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವೂ ನಿರ್ಮಾಣವಾದವು. ಉಳಿದ ಅನೇಕ ಕೆರೆಗಳಿಗೆ ಮಳೆನೀರಿನ ಬದಲು ಕೊಳಚೆ ನೀರು ಹರಿಯತೊಡಗಿತು.

ಮಾಲಿನ್ಯದ ಸ್ವರೂಪ

ಮನೆಗಳ ಕೊಳಚೆ ನೀರಿನಲ್ಲಿರುವ ಸಾರಜನಕ ಮತ್ತು ರಂಜಕಗಳು ಜೊಂಡು ಹಾಗೂ ಪಾಚಿಯ ಅತಿಯಾದ ಬೆಳವಣಿಗೆಗೆ ಕಾರಣವಾಗುತ್ತವೆ. ಇವು ಕೊಳೆತಾಗ ನೀರಿನಲ್ಲಿನ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಸಣ್ಣ ಕೈಗಾರಿಕೆಗಳು, ವಾಹನ ದುರಸ್ತಿ ಕೇಂದ್ರಗಳು ಮತ್ತು ಬಣ್ಣಗಳಿಂದ ಬರುವ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂನಂತಹ ಭಾರಲೋಹಗಳು ಕೊಳೆಯುವುದಿಲ್ಲ; ಅವು ಹೂಳಿನ ಕಣಗಳಿಗೆ ಅಂಟಿಕೊಂಡು ದಶಕಗಳ ಕಾಲ ತಳದಲ್ಲಿ ಉಳಿಯುತ್ತವೆ. ಆದ್ದರಿಂದ ಮೇಲಿನ ನೀರು ತಿಳಿಯಾಗಿ ಕಂಡರೂ ತಳದ ಮಣ್ಣು ಸುರಕ್ಷಿತವೆಂದು ಹೇಳಲಾಗದು.

ಶುದ್ಧೀಕರಣದ ಹಂತಗಳು

ಮೊದಲಿಗೆ ಕೆರೆಯ ಗಡಿಯನ್ನು ಅಳತೆ ಮಾಡಿ ಒತ್ತುವರಿಯನ್ನು ಗುರುತಿಸಲಾಗುತ್ತದೆ. ಸಾರಕ್ಕಿ ಕೆರೆಯಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತವು ಒತ್ತುವರಿ ತೆರವುಗೊಳಿಸಿತು. ಎರಡನೆಯದಾಗಿ, ಕೊಳಚೆ ನೀರಿನ ಒಳಹರಿವನ್ನು ತಡೆದು ಒಳಚರಂಡಿಗೆ ತಿರುಗಿಸಬೇಕು. ಆ ಬಳಿಕವಷ್ಟೇ ನೀರು ಬಸಿದು ಹೂಳೆತ್ತುವುದು, ಏರಿ ಮತ್ತು ಕೋಡಿಗಳ ದುರಸ್ತಿ, ದಂಡೆಯಲ್ಲಿ ಗಿಡ ನೆಡುವಿಕೆ ನಡೆಯುತ್ತವೆ.

ಹೂಳಿನ ವಿಲೇವಾರಿ ಇವುಗಳಲ್ಲಿ ಅತ್ಯಂತ ಕ್ಲಿಷ್ಟವಾದುದು. ಹಿಂದೆ ಬೇಸಿಗೆಯಲ್ಲಿ ರೈತರು ಕೆರೆಯ ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಗಳಿಗೆ ಸಾಗಿಸುತ್ತಿದ್ದರು; ಅದರಿಂದ ಕೆರೆಯ ಆಳವೂ ಹೊಲದ ಫಲವತ್ತತೆಯೂ ಉಳಿಯುತ್ತಿತ್ತು. ಭಾರಲೋಹ ಸೇರಿದ ಇಂದಿನ ನಗರದ ಹೂಳನ್ನು ಹಾಗೆ ಬಳಸಿದರೆ ಮಾಲಿನ್ಯವು ಒಂದು ಜಾಗದಿಂದ ಇನ್ನೊಂದಕ್ಕೆ ಸಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಯ ನಂತರವೇ ಅದನ್ನು ಕೃಷಿಗೆ ಕೊಡಬೇಕೇ, ಬೇರೆಡೆ ಭದ್ರವಾಗಿ ಹೂಳಬೇಕೇ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ದಂಡೆಯಲ್ಲಿ ಸಮುದಾಯ ತೋಟ ಮಾಡುವಾಗಲೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಸೊಪ್ಪು ತರಕಾರಿಗಳು ಮಣ್ಣಿನ ಲೋಹಗಳನ್ನು ಹೀರಿಕೊಳ್ಳಬಲ್ಲವು.

ಪುಟ್ಟೇನಹಳ್ಳಿ ಕೆರೆ

ಜೆ.ಪಿ. ನಗರ 7ನೇ ಹಂತದಲ್ಲಿರುವ ಪುಟ್ಟೇನಹಳ್ಳಿ ಕೆರೆಯು ಸುಮಾರು 13 ಎಕರೆ ವಿಸ್ತೀರ್ಣದ್ದು. ಇದು ಯಲಹಂಕದ ಪುಟ್ಟೇನಹಳ್ಳಿ ಕೆರೆಗಿಂತ ಭಿನ್ನವಾದುದು. ಸುತ್ತಲಿನ ನಿರ್ಮಾಣಗಳಿಂದ ನೀರಿನ ದಾರಿಗಳು ಮುಚ್ಚಿಹೋಗಿ, ಕಸ ಮತ್ತು ಕಟ್ಟಡದ ಅವಶೇಷಗಳು ತುಂಬಿ ಕೆರೆ ಒಣಗುತ್ತ ಬಂದಿತ್ತು. 2010ರಲ್ಲಿ ಸ್ಥಳೀಯ ನಿವಾಸಿಗಳು ಇದರ ಪುನಶ್ಚೇತನಕ್ಕಾಗಿ ಟ್ರಸ್ಟ್ ಒಂದನ್ನು ರಚಿಸಿದರು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೂಳೆತ್ತುವ ಕಾಮಗಾರಿ ಕೈಗೊಂಡಿತು. 2011ರಲ್ಲಿ ಪಾಲಿಕೆಯೊಂದಿಗಿನ ಒಪ್ಪಂದದಂತೆ ಕೆರೆಯ ನಿರ್ವಹಣೆಯನ್ನು ಟ್ರಸ್ಟ್ ವಹಿಸಿಕೊಂಡಿತು.

ಅಂಗಳ ಶುದ್ಧವಾದರೂ ಜಲಾನಯನ ಪ್ರದೇಶ ಕಟ್ಟಡಗಳಿಂದ ಮುಚ್ಚಿಹೋಗಿದ್ದುದರಿಂದ ಕೆರೆಗೆ ಸಾಕಷ್ಟು ನೀರು ಬರುತ್ತಿರಲಿಲ್ಲ. ಈ ಕೊರತೆ ನೀಗಲು ಸಮೀಪದ ವಸತಿ ಸಮುಚ್ಚಯದಲ್ಲಿ ಸಂಸ್ಕರಿಸಿದ ನೀರನ್ನು ಕೆರೆಗೆ ಹರಿಸುವ ವ್ಯವಸ್ಥೆ ಮಾಡಲಾಯಿತು. ಸಂಸ್ಕರಿಸಿದ ನೀರಿನಲ್ಲೂ ಪೋಷಕಾಂಶಗಳು ಉಳಿಯುವುದರಿಂದ, ಅವನ್ನು ಹೀರಿಕೊಳ್ಳುವ ಜೌಗು ಸಸ್ಯಗಳು ಇಂತಹ ಕೆರೆಗಳಿಗೆ ಅಗತ್ಯ. ಕೆರೆಯು ಈಗ ವಾಯುವಿಹಾರ ಮತ್ತು ಪಕ್ಷಿವೀಕ್ಷಣೆಯ ತಾಣವಾಗಿದೆ.

ಕಾನೂನು

ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಅಡಿಯಲ್ಲಿ ಕೇಂದ್ರ ಸರ್ಕಾರವು 2025ರಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮಾಲಿನ್ಯಕ್ಕೆ ಕಾರಣರಾದವರೇ ಶುದ್ಧೀಕರಣದ ವೆಚ್ಚ ಭರಿಸಬೇಕೆಂಬುದು ಇವುಗಳ ಮೂಲ ತತ್ವ. ನಗರದ ಕೆರೆಗಳಲ್ಲಿ ಈ ತತ್ವದ ಅನ್ವಯ ಸುಲಭವಲ್ಲ. ಒಂದೇ ಕಾರ್ಖಾನೆಯಿಂದ ಬರುವ ವಿಷದ ಮೂಲವನ್ನು ಪತ್ತೆಹಚ್ಚಬಹುದು. ಸಾವಿರಾರು ಮನೆಗಳಿಂದ ಹರಿದುಬರುವ ಕೊಳಚೆಗೆ ಒಬ್ಬರನ್ನೇ ಹೊಣೆ ಮಾಡಲಾಗದು.

ಸವಾಲುಗಳು

ಒಳಹರಿವನ್ನು ಸರಿಪಡಿಸದೆ ಹೂಳೆತ್ತಿದ ಕೆರೆ ಕೆಲವೇ ವರ್ಷಗಳಲ್ಲಿ ಮತ್ತೆ ಕೆಡುತ್ತದೆ. ನಡಿಗೆಪಥ, ಬೇಲಿ ಮತ್ತು ಉದ್ಯಾನಗಳು ಕಣ್ಣಿಗೆ ಕಾಣುವ ಕಾಮಗಾರಿಗಳು. ಒಳಚರಂಡಿಯ ಜೋಡಣೆ, ಮಣ್ಣಿನ ಪರೀಕ್ಷೆ ಮತ್ತು ನಿರಂತರ ನಿರ್ವಹಣೆ ಹಾಗೆ ಕಾಣುವುದಿಲ್ಲ. ಇದಲ್ಲದೆ ದನಗಾಹಿಗಳು, ಮೀನುಗಾರರು, ಅಗಸರು ಮೊದಲಾಗಿ ಕೆರೆಯನ್ನು ಅವಲಂಬಿಸಿದ್ದವರು ಬೇಲಿ ಹಾಕಿದ ಬಳಿಕ ಹೊರಗುಳಿಯುವ ಸಾಧ್ಯತೆಯಿದೆ. ಸಮುದಾಯದ ಬಳಕೆ ಎಂಬುದರಲ್ಲಿ ವಾಯುವಿಹಾರಿಗಳ ಜೊತೆಗೆ ಇವರ ಹಕ್ಕೂ ಸೇರುತ್ತದೆಯೇ ಎಂಬುದು ಕೆರೆಗಳ ಪುನಶ್ಚೇತನದ ಚರ್ಚೆಯಲ್ಲಿ ಮುಖ್ಯ ಪ್ರಶ್ನೆಯಾಗಿದೆ.