ಬಾಣಂತಿಯ ರಕ್ತಸ್ರಾವ: ಮುಚ್ಚಿಡುವ ಮಾತಲ್ಲ

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜನನಸೂತಕವಿಲ್ಲ, ರಜಸ್ಸೂತಕವಿಲ್ಲ ಎಂಬುದು ಲಿಂಗವಂತರ ಆಚಾರ. ಹೆತ್ತ ತಾಯಿ ಇಷ್ಟಲಿಂಗವನ್ನು ಕೊರಳಿನಿಂದ ತೆಗೆಯಬೇಕಾಗಿಲ್ಲ, ಪೂಜೆಯನ್ನು ನಿಲ್ಲಿಸಬೇಕಾಗಿಲ್ಲ. ಆದರೂ ಬಾಣಂತಿಯ ರಕ್ತಸ್ರಾವವನ್ನು ಕುರಿತು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಮಾತನಾಡುವ ರೂಢಿ ಕಡಿಮೆ. ಸೂತಕವನ್ನು ಬಿಟ್ಟ ನಾವು ಸಂಕೋಚವನ್ನು ಬಿಡಲಿಲ್ಲ. ಆ ಸಂಕೋಚ ಒಮ್ಮೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ. ಅಂಥ ಒಂದು ಅಪರೂಪದ ತೊಂದರೆಯನ್ನು ಇಲ್ಲಿ ತಿಳಿಸಬಯಸುತ್ತೇವೆ.

ಉಳಿದ ಮಾಸು ಗಂಟಾದಾಗ

ಗರ್ಭದಲ್ಲಿ ಶಿಶುವನ್ನು ಪೋಷಿಸುವ ಮಾಸು, ದಿನ ತುಂಬುವ ವೇಳೆಗೆ ಸುಮಾರು ಅರ್ಧ ಕಿಲೋ ತೂಗುತ್ತದೆ. ಸಹಜ ಹೆರಿಗೆಯಲ್ಲಿ ಅದು ಮಗುವಿನ ಹಿಂದೆಯೇ ಹೊರಬೀಳುತ್ತದೆ. ಸಿಸೇರಿಯನ್ ಹೆರಿಗೆಯಲ್ಲಿ ವೈದ್ಯರೇ ಹೊರತೆಗೆಯುತ್ತಾರೆ. ಆದ್ದರಿಂದ ಶಸ್ತ್ರಕ್ರಿಯೆಯ ಬಳಿಕ ಮಾಸು ಉಳಿಯಲಾರದೆಂದು ಅನೇಕರ ನಂಬಿಕೆ. ಉಳಿಯುವುದು ಅಪರೂಪ, ಆದರೆ ಅಸಾಧ್ಯವಲ್ಲ. ಮಾಸು ಗರ್ಭಕೋಶದ ಗೋಡೆಗೆ, ಅದರಲ್ಲಿಯೂ ಹಿಂದಿನ ಸಿಸೇರಿಯನ್ನಿನ ಕಲೆಗೆ, ಆಳವಾಗಿ ಬೇರೂರಿದ್ದರೆ ಚೂರೊಂದು ಅಲ್ಲಿಯೇ ಉಳಿಯಬಹುದು. ಅದರ ಸುತ್ತ ರಕ್ತ ಪದರಪದರವಾಗಿ ಹೆಪ್ಪುಗಟ್ಟಿ ಗಂಟಾಗುತ್ತದೆ. ವೈದ್ಯರು ಇದನ್ನು ‘ಪ್ಲಾಸೆಂಟಲ್ ಪಾಲಿಪ್’ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಇದರೊಳಗೆ ರಕ್ತನಾಳಗಳು ದಟ್ಟವಾಗಿ ಬೆಳೆದಿದ್ದರೆ, ಹೆರಿಗೆಯಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇದ್ದಕ್ಕಿದ್ದಂತೆ ವಿಪರೀತ ರಕ್ತಸ್ರಾವವಾಗಬಹುದು.

ಗುರುತಿಸುವ ಬಗೆ

ಬಾಣಂತಿಯ ಸ್ರಾವ ಮೊದಲು ಕೆಂಪಾಗಿದ್ದು, ಬರಬರುತ್ತ ಕಂದುಬಣ್ಣಕ್ಕೆ ತಿರುಗಿ, ಕೊನೆಗೆ ಬಿಳುಪಾಗಿ, ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ನಿಲ್ಲುತ್ತದೆ. ತಿಳಿಯಾದ ಸ್ರಾವ ಮತ್ತೆ ಕೆಂಪಾಗಿ ಹೆಚ್ಚಿದರೆ, 6 ವಾರ ಕಳೆದರೂ ನಿಲ್ಲದಿದ್ದರೆ, ದುರ್ವಾಸನೆ, ಜ್ವರ, ಕಿಬ್ಬೊಟ್ಟೆಯ ನೋವು ಕಾಣಿಸಿದರೆ ವೈದ್ಯರಿಗೆ ತೋರಿಸಬೇಕು. ಗಂಟೆಗೊಂದು ಪ್ಯಾಡ್ ತೊಯ್ಯುವಂತಿದ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ತಲೆಸುತ್ತು ಬಂದರೆ ತಡಮಾಡದೆ 108 ಆಂಬುಲೆನ್ಸ್ ಕರೆಸಬೇಕು. ‘ಉಷ್ಣವಾಗಿದೆ’ ಎಂದು ಕಷಾಯ ಕೊಟ್ಟು ದಿನ ದೂಡಬಾರದು.

ವೈದ್ಯರು ಸ್ಕ್ಯಾನಿಂಗ್ ಮಾಡಿಸಿ, ಡಾಪ್ಲರ್ ವಿಧಾನದಿಂದ ಗಂಟಿನೊಳಗಿನ ರಕ್ತಸಂಚಾರವನ್ನು ನೋಡುತ್ತಾರೆ. ಎಚ್.ಸಿ.ಜಿ. ಎಂಬ ಹಾರ್ಮೋನಿನ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಮಾಸಿನ ಕಣಗಳಿಂದಲೇ ಹುಟ್ಟುವ, ಇನ್ನೂ ವಿರಳವಾದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇದು ನೆರವಾಗುತ್ತದೆ. ರಕ್ತನಾಳಗಳು ದಟ್ಟವಾಗಿರುವ ಗಂಟನ್ನು ಕಣ್ಣಿಗೆ ಕಾಣದೆ ಕೆರೆದು ತೆಗೆಯುವುದು ಅಪಾಯಕರ. ಗರ್ಭಕೋಶದೊಳಕ್ಕೆ ಸಣ್ಣ ದುರ್ಬೀನು ತೂರಿಸಿ, ನೋಡುತ್ತಲೇ ಅದನ್ನು ತೆಗೆಯುವ ಕ್ರಮ ಇಂದು ಇದೆ. ಅಗತ್ಯವಾದರೆ ಮೊದಲು ಅಲ್ಲಿಗೆ ರಕ್ತ ಒಯ್ಯುವ ನಾಳವನ್ನು ಮುಚ್ಚುತ್ತಾರೆ. ಸಕಾಲದಲ್ಲಿ ಹೋದರೆ ಗರ್ಭಕೋಶವನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಸಾಧ್ಯ.

ತವರಿನ ಹೊಣೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇಕಡಾ 23.6ರಷ್ಟಿದ್ದ ಸಿಸೇರಿಯನ್ ಹೆರಿಗೆ 2019-21ರಲ್ಲಿ ಶೇಕಡಾ 31.5ಕ್ಕೆ ಏರಿತು. ಸಿಸೇರಿಯನ್ನುಗಳ ಸಂಖ್ಯೆ ಹೆಚ್ಚಿದಂತೆ, ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಕಲೆಗೆ ಅಂಟಿಕೊಳ್ಳುವ ಸಂಭವವೂ ಹೆಚ್ಚುತ್ತದೆ.

ಬೆಂಗಳೂರಿಗೆ ಕೊಟ್ಟ ಮಗಳು ಅಲ್ಲಿಯೇ ಹೆತ್ತು, ಬಾಣಂತನಕ್ಕೆಂದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂಥ ತವರೂರಿಗೆ ಬರುವುದು ನಮ್ಮಲ್ಲಿ ವಾಡಿಕೆ. ಹೆರಿಗೆ ಮಾಡಿಸಿದ ವೈದ್ಯರು ಒಂದು ಕಡೆ, ಬಾಣಂತಿ ಇನ್ನೊಂದು ಕಡೆ. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯನ್ನೂ ತಾಯಿ ಕಾರ್ಡನ್ನೂ ತೊಟ್ಟಿಲಿನಷ್ಟೇ ಜೋಪಾನವಾಗಿ ಜೊತೆಗೆ ತರಬೇಕು. ಊರಿನ ಆಶಾ ಕಾರ್ಯಕರ್ತೆಗೆ ಮಗಳು ಬಂದಿರುವುದನ್ನು ತಿಳಿಸಬೇಕು. ತೊಂದರೆ ಕಂಡರೆ ಕನಕಪುರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಂದ ಮುಂದಕ್ಕೆ ಬರೆದುಕೊಟ್ಟರೆ ಬೆಂಗಳೂರಿನ ವಾಣಿವಿಲಾಸದಂಥ ದೊಡ್ಡ ಹೆರಿಗೆ ಆಸ್ಪತ್ರೆಗಳಿವೆ.

ಮಗುವಿಗೆ ಲಿಂಗಧಾರಣೆ ಮಾಡಿಸಲು ಜಂಗಮರನ್ನು ಬರಮಾಡಿಕೊಳ್ಳುವ ಸಂಭ್ರಮದಲ್ಲಿ ಹೆತ್ತವಳನ್ನು ಮರೆಯದಿರೋಣ. “ಸ್ರಾವ ಹೇಗಿದೆಯಮ್ಮಾ?” ಎಂದು ತಾಯಿಯಾಗಲಿ ಅತ್ತೆಯಾಗಲಿ ದಿನಕ್ಕೊಮ್ಮೆ ಕೇಳಲಿ. ಮಗಳು ನಾಚದೆ ಉತ್ತರ ಹೇಳಲಿ. ಸೂತಕವಿಲ್ಲವೆಂದ ಶರಣರ ಮಾತನ್ನು ನಾವು ಮನೆಯೊಳಗೆ ನಡೆಸುವ ರೀತಿ ಇದು.