ಶುಲ್ಕ ಕಟ್ಟದವರ ವಿಶ್ವವಿದ್ಯಾನಿಲಯ

1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ಆಗಿನ್ನೂ ಎರಡೇ ವರ್ಷ. ಅದಕ್ಕೆ ಸೇರಿದ್ದ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ಪತ್ರಿಕೆಯನ್ನು ನಡೆಸಿದರು. ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲವದು. ಕಾಲೇಜಿನ ಮೆಟ್ಟಿಲು ಹತ್ತಲಾರದವರಿಗೆ ಬೆಳಕು, ಶಾಖ, ಜೀವಕೋಶಗಳ ವಿಷಯ ಕನ್ನಡದಲ್ಲೇ ತಿಳಿಯಲಿ ಎಂದು ಈ ಮೇಷ್ಟರು ಪಟ್ಟ ಪಾಡು ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಪಾರಿಭಾಷಿಕ ಪದಗಳನ್ನು ಕೂಡಿಸಿಕೊಳ್ಳುವುದರಿಂದಲೇ ಕೆಲಸ ಶುರುವಾಗಬೇಕಿತ್ತು.

ಪತ್ರಿಕೆ ಬಹುಕಾಲ ಬಾಳಲಿಲ್ಲ. ಬೆಳ್ಳಾವೆಯವರು ಮಾತ್ರ ಬಿಡಲಿಲ್ಲ: ಮುಂದೆ ‘ಜೀವವಿಜ್ಞಾನ’ ಬರೆದರು, ಪಂಪಭಾರತವನ್ನೂ ಸಂಪಾದಿಸಿದರು. ಅದೇ ಕಾಲೇಜಿನಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಬಂತು. ಆಮೇಲೆ ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ಉಪನ್ಯಾಸ ಕೊಡುವ, ಅದನ್ನೇ ಅಗ್ಗದ ಪುಸ್ತಿಕೆಯಾಗಿ ಅಚ್ಚು ಹಾಕುವ ಪರಿಪಾಠ ಬೆಳೆಯಿತು. ಕುವೆಂಪು 1956ರಲ್ಲಿ ಕುಲಪತಿಯಾದ ಮೇಲೆ ಈ ಕೆಲಸಕ್ಕೆ ಹೊಸ ಕಸುವು ಬಂತು. ಇದನ್ನು ನಡೆಸುವ ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗ ‘ಪ್ರಸಾರಾಂಗ’ದ ಹೆಸರು ಓದುಗರ ಮನೆಮಾತಾಯಿತು. 1969ರಲ್ಲಿ ಇದೇ ವಿಶ್ವವಿದ್ಯಾನಿಲಯದಿಂದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಿತ್ತು. ಇಂಥ ವಿಶ್ವಕೋಶಕ್ಕೆ ವರ್ಷಗಟ್ಟಲೆ ದುಡ್ಡು ಸುರಿಯುವ ಧೈರ್ಯ ಯಾವ ಖಾಸಗಿ ಪ್ರಕಾಶಕನಿಗಿತ್ತು?

ಜ್ಞಾನವನ್ನು ಹೀಗೆ ಹಂಚಿದ ಕಥೆಯಂತೆ, ಶಿಕ್ಷಣ ಮಾರಾಟದ ಸರಕಾದ ಕಥೆಯೂ ನಮ್ಮ ನೆಲದ್ದೇ. ಸೀಟು ಕೊಡಲು ಕಾಲೇಜುಗಳು ವಸೂಲಿ ಮಾಡುವ ಕ್ಯಾಪಿಟೇಶನ್ ಶುಲ್ಕವನ್ನು ತಡೆಯಲು ಕರ್ನಾಟಕ 1984ರಲ್ಲಿ ಕಾಯ್ದೆ ತಂದಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಸೂಲಿಯನ್ನು ತಪ್ಪೆಂದಿತು. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದ ತೀರ್ಪು ಲಾಭಕೋರತನ ಸಲ್ಲದೆನ್ನುತ್ತಲೇ, ಅನುದಾನರಹಿತ ಖಾಸಗಿ ಕಾಲೇಜುಗಳಿಗೆ ಶುಲ್ಕ ನಿಗದಿಯಲ್ಲಿ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಈ ವಾದವೆಲ್ಲ ಸೀಟಿನ ಸುತ್ತಲೇ ಸುತ್ತಿತು. ಸೀಟೇ ಬೇಡದ ರೈತ, ನೇಕಾರ, ಗೃಹಿಣಿಗೆ ವಿಶ್ವವಿದ್ಯಾನಿಲಯ ಏನು ಕೊಡಬೇಕು ಎಂದು ಯಾರೂ ಕೇಳಲಿಲ್ಲ.

ನನ್ನ ಸಂಕಟ ಇದೇ. ಸರ್ಕಾರಿ ವಿಶ್ವವಿದ್ಯಾನಿಲಯಗಳೂ ಈಗ ಸ್ವಹಣಕಾಸು ಕೋರ್ಸುಗಳ ಆದಾಯವನ್ನು ನೆಚ್ಚಿಕೊಂಡಿವೆ. ಖಾಲಿ ಹುದ್ದೆಗಳಲ್ಲಿ ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದಾರೆ. ಮುಂದಿನ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರನ್ನು ಹಳ್ಳಿಗೆ ಹೋಗಿ ಉಪನ್ಯಾಸ ಕೊಡಿ, ಪುಸ್ತಿಕೆ ಬರೆಯಿರಿ ಎಂದು ಯಾವ ಬಾಯಲ್ಲಿ ಕೇಳುವುದು? ಬೆಳ್ಳಾವೆಯವರಿಗೆ ಕಾಯಂ ನೌಕರಿಯಿತ್ತು, ಸಂಬಳವಿತ್ತು. ಪತ್ರಿಕೆಗೆ ಬೇಕಾದ ಬಿಡುವು ಅದರಿಂದಲೇ ಹುಟ್ಟಿತು. ಹುದ್ದೆ ತುಂಬುವ ಕಡತ ವಿಧಾನಸೌಧದಲ್ಲಿ ಮೊದಲು ಕದಲಲಿ. ಪ್ರಸಾರಾಂಗಗಳ ಅನುದಾನದ ಮಾತು ಅದರ ಬೆನ್ನಿಗೇ ಬರಲಿ.