ಹೊರಳಿ ನಿಂತ ಅಡಿನೀನ್

ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯದ ಉದ್ದವು ಒಂದು ಮಿಲಿಮೀಟರಿನ ಐನೂರರಲ್ಲೊಂದು ಪಾಲು. ಅದರ ಒಡಲಲ್ಲಿ ಮಡಿಕೆ ಮಡಿಕೆಯಾಗಿ ಅಡಗಿರುವ ಡಿಎನ್‌ಎ ಎಳೆಯನ್ನು ಬಿಡಿಸಿ ಹಿಡಿದರೆ ಅದು ಒಂದೂವರೆ ಮಿಲಿಮೀಟರನ್ನು ಮೀರುತ್ತದೆ. ಸುಮಾರು 46 ಲಕ್ಷ ಅಕ್ಷರಜೋಡಿಗಳ ಈ ಬರಹದಲ್ಲಿ, ನಮ್ಮ ಹಳೆಯ ತಾಳೆಯೋಲೆಗಳಲ್ಲಿರುವಂತೆ, ಪದಪದಗಳ ನಡುವೆ ತೆರಪೆಂಬುದಿಲ್ಲ. ಅಂತಹ ಅವಿಚ್ಛಿನ್ನ ಪಂಕ್ತಿಯಲ್ಲಿ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವು ವಂಶವಾಹಿಗಳ ಮುಂದಿರುವ ಪ್ರೊಮೋಟರ್ ಎಂಬ ಅಲ್ಪಭಾಗವನ್ನು ಗುರುತಿಸಿ, ಅಲ್ಲಿ ಹೆಣೆದುಕೊಂಡಿರುವ ಎರಡೆಳೆಗಳನ್ನು ಬೇರ್ಪಡಿಸಿ, ಆರ್‌ಎನ್‌ಎ ರೂಪದ ನಕಲನ್ನು ಆರಂಭಿಸಬೇಕು. ಪ್ರಯೋಗಶಾಲೆಯಲ್ಲಿ ಈ ಎಳೆಗಳನ್ನು ಬಿಡಿಸಲು ನಾವು ನೀರನ್ನು ಕುದಿಯುವ ಮಟ್ಟದ ಸಮೀಪಕ್ಕೆ ಕಾಯಿಸುತ್ತೇವೆ. ಕಿಣ್ವವಾದರೋ ನಮ್ಮ ಮೈಯ ಬಿಸುಪಿನಲ್ಲಿಯೇ ಅದನ್ನು ಸಾಧಿಸುತ್ತದೆ.

ಏಡಿಯ ಕೊಂಡಿಯನ್ನು ಹೋಲುವ ಈ ಕಿಣ್ವದ ಮುಖ್ಯಶರೀರವು ಐದು ಘಟಕಗಳಿಂದಾದುದು. ಈ ಶರೀರಕ್ಕೆ ಬರೆಯಲು ಬರುತ್ತದೆ, ಎಲ್ಲಿ ಆರಂಭಿಸಬೇಕೆಂಬುದು ತಿಳಿಯದು. ವಿಜ್ಞಾನಿ ರಿಚರ್ಡ್ ಬರ್ಗೆಸ್ ಅವರು ಕಿಣ್ವವನ್ನು ಇನ್ನಷ್ಟು ಶುದ್ಧಗೊಳಿಸಲೆಂದು ಫಾಸ್ಫೋಸೆಲ್ಯುಲೋಸ್ ತುಂಬಿದ ನಳಿಕೆಯ ಮೂಲಕ ಹಾಯಿಸಿದಾಗ, ಶುದ್ಧಿಯೇನೋ ಹೆಚ್ಚಿತು, ಆದರೆ ಟಿ4 ವೈರಸ್ಸಿನ ಡಿಎನ್‌ಎಯನ್ನು ಓದುವ ಶಕ್ತಿ ಕುಂದಿತು. ಹಾಗೆ ಬೇರ್ಪಟ್ಟು ಹೋಗಿದ್ದ, ಆರಂಭದ ಸ್ಥಾನವನ್ನು ತಿಳಿಸುವ ಪ್ರೋಟೀನೇ ಸಿಗ್ಮಾ. ಅವರೂ ಸಂಗಡಿಗರೂ 1969ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು.

ಸಿಗ್ಮಾ ಹುಡುಕುವ ಗುರುತುಗಳು ಎರಡು. ನಕಲು ಮೊದಲಾಗುವ ಸ್ಥಾನದಿಂದ 35 ಅಕ್ಷರಗಳಷ್ಟು ಹಿಂದೆ ಟಿಟಿಜಿಎಸಿಎ. 10 ಅಕ್ಷರಗಳಷ್ಟು ಹಿಂದೆ, ಡೇವಿಡ್ ಪ್ರಿಬ್ನೋ 1975ರಲ್ಲಿ ತೋರಿಸಿಕೊಟ್ಟ ಟಿಎಟಿಎಎಟಿ. ಮೊದಲನೆಯದನ್ನು ಸಿಗ್ಮಾ ಹೆಣೆದ ಎಳೆಗಳ ಹೊರಗಿನಿಂದಲೇ, ಅವುಗಳ ಅಗಲವಾದ ತೋಡಿನೊಳಗೆ ಬೆರಳಿಟ್ಟು ತಡವಿದಂತೆ, ತಿಳಿದುಕೊಳ್ಳುತ್ತದೆ. ಎರಡನೆಯದರ ರೀತಿ ಬೇರೆ, ನನಗೆ ಎಷ್ಟು ಸಲ ನೆನೆದರೂ ವಿಸ್ಮಯವುಂಟುಮಾಡುವುದು ಅದೇ. ಆ ಆರಕ್ಷರಗಳಲ್ಲಿ ಎರಡನೆಯದಾದ ಎ, ಎಂದರೆ ಅಡಿನೀನ್, ಎದುರೆಳೆಯ ತನ್ನ ಜೊತೆಗಾರನ ಕೈಬಿಟ್ಟು, ಸಾಲಿನಿಂದ ಹೊರಕ್ಕೆ ಹೊರಳಿ, ಸಿಗ್ಮಾದ ಮೈಯಲ್ಲಿ ತನಗೆಂದೇ ಕೊರೆದಂತಿರುವ ಗುಳಿಯೊಳಗೆ ಹೋಗಿ ಕುಳಿತುಕೊಳ್ಳುತ್ತದೆ; ಕೊನೆಯ ಟಿ ಅಕ್ಷರವು ಮತ್ತೊಂದು ಗುಳಿಯನ್ನು ಸೇರುತ್ತದೆ. ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಆಂಡ್ರೇ ಫೆಕ್ಲಿಸ್ಟೋವ್ ಮತ್ತು ಸೇತ್ ಡಾರ್ಸ್ಟ್ 2011ರಲ್ಲಿ ಪ್ರಕಟಿಸಿದ ಸ್ಫಟಿಕಚಿತ್ರಗಳಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಮುಚ್ಚಿದ ಎಳೆಯಲ್ಲಿ ಆ ಅಕ್ಷರವನ್ನು ಹಾಗೆ ಹಿಡಿಯಲಾಗದು. ಹಿಡಿದಾಗ ಎಳೆ ಮುಚ್ಚಿರಲಾರದು. ಆದುದರಿಂದ ಮೊದಲು ಓದಿ ಆಮೇಲೆ ಬಿಡಿಸುವುದೆಂಬ ಕ್ರಮವೇ ಇಲ್ಲಿಲ್ಲ, ಓದುವುದೂ ಬಿಡಿಸುವುದೂ ಒಂದೇ ಕ್ರಿಯೆ.

ಈ ಒಂದು ಬಿರುಕಿನಿಂದ ಮೊದಲ್ಗೊಂಡು ಸುಮಾರು 13 ಜೋಡಿಗಳು ಬಿಚ್ಚಿಕೊಳ್ಳುತ್ತವೆ. ಡಿಎನ್‌ಎ ಲಂಬಕೋನದಷ್ಟು ಬಾಗಿ ಕೊಂಡಿಯ ಸೀಳಿನೊಳಗಿಳಿಯುತ್ತದೆ. ಒಂದೆಳೆ ಮೆಗ್ನೀಸಿಯಮ್ ಅಯಾನು ಕಾದಿರುವ, ನಕಲು ನಡೆಯುವ ಕರ್ಮಸ್ಥಾನವನ್ನು ಮುಟ್ಟುತ್ತದೆ. ಇಷ್ಟಕ್ಕೂ ಎಟಿಪಿ ಎಂಬ ಇಂಧನದ ಒಂದು ಕಣವೂ ವ್ಯಯವಾಗುವುದಿಲ್ಲ. ಸಿಗ್ಮಾ 54 ಎಂಬ ಬೇರೊಂದು ಬಗೆಗೆ ಮಾತ್ರ ಇಂಧನ ಬೇಕು. ಮಿಕ್ಕಂತೆ ಅಪ್ಪುಗೆಯ ಬಲವೇ ಬಾಗಿಲನ್ನು ತೆರೆಯುವ ಬಲ.

ಕ್ಷಯರೋಗಿಗಳಿಗೆ ಕೊಡುವ ರಿಫಾಂಪಿಸಿನ್ ಔಷಧವು ತಡೆಯುವುದು ಈ ಕಿಣ್ವವನ್ನೇ, ಆದರೆ ಅದು ಈ ಬಾಗಿಲಿಗೆ ಅಡ್ಡಬರುವುದಿಲ್ಲ. ಕಿಣ್ವದ ಬೀಟಾ ಘಟಕದಲ್ಲಿ, ಕರ್ಮಸ್ಥಾನದ ಸಮೀಪದಲ್ಲಿ, ಹೊಸ ಆರ್‌ಎನ್‌ಎ ಹೊರಬರುವ ದಾರಿಯಲ್ಲಿ ಅದು ಕಲ್ಲಿನಂತೆ ಕುಳಿತಿರುತ್ತದೆ. ಎಳೆಗಳು ಬಿಚ್ಚಿಕೊಳ್ಳುತ್ತವೆ, ಎರಡೋ ಮೂರೋ ಅಕ್ಷರಗಳು ಮೂಡುತ್ತವೆ, ಬರಹ ಅಲ್ಲಿಗೇ ನಿಲ್ಲುತ್ತದೆ.